ಸೋಮ್ಲಿಬಾಯಿಯ ಆರು ಪಾಯಿಂಟ್ ಎರಡು

ಸಂಡೂರಿನ ಆಸ್ಪತ್ರೆಯಲ್ಲಿ ನನ್ನ ಕಿಟಕಿಗೆ ಗಾಜಿದೆ,
ಆದರೂ ಮಧ್ಯಾಹ್ನದ ಹೊತ್ತಿಗೆ
ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು.
ಅದಿರಿನ ಲಾರಿ ಹೋದಷ್ಟು ಸಲ
ಬಿಳಿ ಕೋಟು ಒಂದು ಪಟ್ಟು ಕೆಂಪಾಗುತ್ತದೆ.
ಒಗೆಯುವಾಗ ಅಮ್ಮಿ ಗೊಣಗುತ್ತಾಳೆ:
'ಮಾಬುನ್ನಿ, ನೀ ರಕ್ತ ನೋಡತೀಯೋ
ರಕ್ತದಾಗ ಹೊಳ್ಳಾಡತೀಯೋ?'

ಅದು ರಕ್ತ ಅಲ್ಲ, ಮಣ್ಣು.
ರಕ್ತ ಇಲ್ಲಿ ಅಷ್ಟು ಕೆಂಪಿರುವುದು ಅಪರೂಪ.

ಸೋಮ್ಲಿಬಾಯಿ ಬಂದದ್ದು ಆಷಾಢದ ಒಂದು ಮಂಗಳವಾರ.
ಕನ್ನಡಿ ಹೊಲಿದ ಕುಪ್ಪಸ, ತೋಳ ತುಂಬ ಬಳೆ,
ಹನ್ನೆರಡು ಮೆಟ್ಟಿಲಿಗೆ ಮೂರು ಸಲ ಕೂತಿದ್ದಳು.
ಬೆರಳು ಚುಚ್ಚಿದೆ.
ಹನಿ ಬರಲೋ ಬೇಡವೋ ಅಂತ ಯೋಚಿಸಿತು.
ಬಂದಾಗ ತೆಳ್ಳಗಿತ್ತು,
ಎರಡನೇ ಸಲ ಸೋಸಿದ ಚಹಾದ ಹಾಗೆ.
ಆರು ಪಾಯಿಂಟ್ ಎರಡು.

'ಹನ್ನೊಂದು ವರ್ಷ ಅದಿರು ಆರಿಸೀನಿ,' ಅಂದಳು,
'ಬುಟ್ಟಿಗಟ್ಲೆ ಕಬ್ಬಿಣ ಹೊತ್ತ ತಲಿ ಇದು.
ಒಳಗ ಒಂದು ಚಿಟಿಕಿನೂ ಇಳೀಲಿಲ್ಲೇನು ಅಕ್ಕಾ?'

ಡಾಕ್ಟರು ಮಾತ್ರೆ ಬರೆದರು.
ಅವಳು ಚೀಟಿ ಮಡಚಿ ಓಢಣಿಯ ತುದಿ ಬಿಚ್ಚಿದಳು.
ಗಂಟಿನಲ್ಲಿ ಗಿಡ. 'ಇದು ಗೊತ್ತೇನು?'

ಗೊತ್ತಿಲ್ಲದೆ ಏನು.
ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ ನೆಲ ಹಿಡಿದು ಹರಡುತ್ತದೆ,
ಕಾಂಡ ಕೆಂಪು, ಎಲೆಯ ಅಂಚಿಗೂ ಅದೇ ಕೆಂಪು,
ಸಾಸಿವೆಯಷ್ಟು ಹೂವು,
ಚೂಡಿದಾರದ ಅಂಚಿಗೆ ಅಂಟಿ ಮನೆತನಕ ಬರುವ ಬೀಜ.
ನಮಗೆ ಕೊಮ್ಮೆ. ಪಂಡಿತರಿಗೆ ಪುನರ್ನವ:
ಬೇಸಿಗೆಗೆ ಸತ್ತಂತೆ ಮಾಡಿ ಮಳೆಗೆ ಹೊಸದಾಗುವುದು.

ಅವಳ ಅಜ್ಜಿ ಇದರ ಬೇರು ಜಜ್ಜುತ್ತಿದ್ದಳಂತೆ.
ಹಳೇ ಕುಲುಮೆಯ ಕಿಟ್ಟವನ್ನು ಕೆಂಪಗೆ ಕಾಯಿಸಿ
ಗೋಮೂತ್ರಕ್ಕೆ ಅದ್ದಿ, ಚುಂಯ್ ಅನ್ನಿಸಿ,
ಮತ್ತೆ ಕಾಯಿಸಿ, ಮತ್ತೆ ಅದ್ದಿ,
ಕಲ್ಲು ಸೋತು ಪುಡಿಯಾಗುವ ತನಕ.
'ನೂರು ವರ್ಷದ ಕಿಟ್ಟ ಬೇಕು. ಹೊಸಾದು ವಿಷ.'
ಎಲ್ಲಿ ಸಿಗತೈತಿ ಅದು?
'ಹಳ್ಳದ ದಂಡಿಗೆ ಕುಲುಮಿ ಇತ್ತು.
ಈಗ ಅಲ್ಲಿ ವೇಬ್ರಿಡ್ಜ್ ಐತಿ.'

ಹಾಗಾಗಿ ಬರೀ ಸೊಪ್ಪು,
ತೊಗರಿಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ, ಜೋಳದ ರೊಟ್ಟಿಗೆ.

ಶ್ರಾವಣಕ್ಕೆ ಆರು ಪಾಯಿಂಟ್ ಒಂಬತ್ತು.
ದಸರೆ ಕಳೆದ ಮೇಲೆ ಎಂಟು.
'ಮಾತ್ರೆ ನುಂಗಿದ್ಯೋ?'
'ನುಂಗಿದೆ, ಕೆಲವು ದಿನ.'
'ಯಾವ ದಿನ?'
'ಪಲ್ಯ ಇಲ್ಲದ ದಿನ.'

ರಿಜಿಸ್ಟರಿನಲ್ಲಿ ಅಂಕಿಗೆ ಕಾಲಂ ಇದೆ, ಕಾರಣಕ್ಕೆ ಇಲ್ಲ.
ಡಾಕ್ಟರು ಅಂದರು: ಇಲಿಗಳ ಮೇಲೆ ಯಾರೋ ನೋಡಿದಾರಂತ,
ಏನೋ ಸ್ವಲ್ಪ ಏರಿತಂತ.
ಆ ಇಲಿಗಳು ಅದಿರು ಹೊತ್ತಿದ್ದವೋ ಇಲ್ಲವೋ,
ನಾನು ಕೇಳಲಿಲ್ಲ.

ಆ ದಿನ ಕರೆಂಟು ಹೋಗಲಿಲ್ಲ.
ಅವಳ ಹನಿಗೆ ನೀಲಿ ಬಣ್ಣ ಬೆರೆಸಿ ಗಾಜಿನ ಮೇಲೆ ಎಳೆದೆ,
ಒಂದು ಕಣ್ಣು ಮುಚ್ಚಿ ನೋಡಿದೆ.
ಬೋಳು ಕಣಗಳ ಸಂತೆಯ ನಡುವೆ ಅಲ್ಲೊಂದು ಇಲ್ಲೊಂದು
ಎಳೆಯವು, ಮೈಯೊಳಗೆ ನೀಲಿ ಎಳೆ ಇನ್ನೂ ಬಿಚ್ಚದವು,
ಮೂಳೆಯ ಮಜ್ಜೆಯಿಂದ ನಿನ್ನೆ ಮೊನ್ನೆ ಇಳಿದು ಬಂದವು.
ನೂರಕ್ಕೆ ನಾಲ್ಕು. ಎರಡು ಸಲ ಎಣಿಸಿದೆ.
ಯಾರ ಮನೆಯ ಊಟ ಉಂಡು ಬಂದಿರಿ ಎಂದರೆ
ಹೇಳುವ ಜಾತಿಯವಲ್ಲ.

ಯುಗಾದಿ ಹತ್ತಿರ ಬಂದಾಗ ಏಳು ಪಾಯಿಂಟ್ ಎಂಟು.
ನಾನು ಮುಖ ತಿರುಗಿಸಿದ್ದು ಅವಳಿಗೆ ಕಂಡಿತು.
'ಗಿಡ ಒಣಗೇತಿ ಅಕ್ಕಾ. ಸತ್ತಿಲ್ಲ.
ಬೇರು ಕೆಳಗೈತಿ.'
'ಅಲ್ಲೀತನ ಮಾತ್ರಿ ತಿನ್ನು ನನ್ನವ್ವಾ, ದಿನಾ.'
'ತಿಂತೀನಿ ಬಿಡು,' ಅಂದು ಬಾಗಿಲಿಗೆ ಹೋಗಿ ನಿಂತಳು:
'ನಿಂದು ಎಷ್ಟೈತಿ?'

ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಲಾರಿ ಒಂದು ಹೋಯಿತು. ಮೇಜು ಒರೆಸಿದೆ.

ಸಂಜೆ ಬೀಗ ಹಾಕಿ ಹೊರಡುವಾಗ
ಆಂಬುಲೆನ್ಸ್ ಜಾಗದಲ್ಲಿ, ಗಿಡ ಇದ್ದ ಗುರುತಿನ ಮೇಲೆ
ನನ್ನ ಬಾಟಲಿಯಲ್ಲಿ ಉಳಿದ ನೀರು ಸುರಿದೆ.
ಯಾರೂ ನೋಡಲಿಲ್ಲ.
ನೋಡಿದ್ದರೆ, ಧೂಳು ಕೂರಲಿ ಅಂತ, ಅನ್ನುತ್ತಿದ್ದೆ.