ಚಕ್ಕುಬಂದಿ

ಸಾಗರದ ಹಳೇ ಉಪನೋಂದಣಿ ಕಚೇರಿಗೆ
ಬೆಲೆ ಕಟ್ಟಿ ಬಾ ಎಂದು ನನ್ನನ್ನು ಕಳಿಸಿದರು.
ಟೇಪು ಹಿಡಿಯಲು ಇಮ್ತಿಯಾಜ್, ಬರೆದುಕೊಳ್ಳಲು ನಾನು,
ನೋಡಲು, ಯಾರೂ ಕರೆಯದೆ ಬಂದ ಗುತ್ಯಪ್ಪ.
ನಲವತ್ತೊಂದು ವರ್ಷ ಇದೇ ಜಗಲಿಯಲ್ಲಿ ಕೂತು
ಪತ್ರ ಬರೆದವನು.

ಉದ್ದ ಅರವತ್ತೆರಡು ಅಡಿ, ಅಗಲ ಮೂವತ್ತು.
ಗೋಡೆ ಜಂಬಿಟ್ಟಿಗೆ, ಗಾರೆ ಸುಣ್ಣದ್ದು.
ತೊಲೆ ಮತ್ತಿ, ಬಾಗಿಲು ಹೊನ್ನೆ,
ಹೆಂಚು ನಾಲ್ಕು ಸಾವಿರದ ಚಿಲ್ಲರೆ,
ಒಡೆದದ್ದು ಆ ಚಿಲ್ಲರೆಯಷ್ಟು.
ವಯಸ್ಸು?
ಕಡತದಲ್ಲಿಲ್ಲ.
ಸೀಮೆಯ ಆಸ್ತಿಗೆಲ್ಲ ತಾರೀಖು ಹಾಕಿದ ಕಟ್ಟಡಕ್ಕೆ
ತಾನು ಹುಟ್ಟಿದ ದಿನ ಗೊತ್ತಿಲ್ಲ.
"ನೂರು ಅಂತ ಹಾಕಿ ಮೇಡಂ," ಅಂದ ಇಮ್ತಿಯಾಜ್,
"ಲೆಕ್ಕಕ್ಕೆ ಸುಲಭ."

ನೂರು ಹಾಕಿದೆ.
ನನ್ನ ಸವಕಳಿಯ ಕೋಷ್ಟಕ ಎಂಬತ್ತಕ್ಕೇ ಮುಗಿಯುತ್ತದೆ.
ಅಲ್ಲಿಂದಾಚೆ ಕಟ್ಟಡ ನಿಂತಿದ್ದರೂ ಇಲ್ಲ,
ಉಳಿಯುವುದು ಕಳಚಿ ಮಾರಿದರೆ ಬರುವ ಬೆಲೆ:
ಹೆಂಚಿಗೆ ಇಷ್ಟು, ತೊಲೆಗೆ ಇಷ್ಟು,
ಕಲ್ಲು ಇಳಿಸುವ ಕೂಲಿ ಕಳೆದು.
ಈ ಬಾಗಿಲ ಒಳಗೇ ಅಲ್ಲವೇ
ಗದ್ದೆ, ಬ್ಯಾಣ, ಹಿತ್ತಲು, ಪಾಲಿಗೆ ಬಂದ ಅರ್ಧ ಬಾವಿ ಕೂಡ
ರೂಪಾಯಿ ಆಣೆ ಪೈ ಆದದ್ದು.

ಬಾಗಿಲಿನ ಎಡಕ್ಕೆ, ಎದೆಯೆತ್ತರದಲ್ಲಿ
ಗೋಡೆ ಕಪ್ಪಗಿತ್ತು.
ತೇವ, ಎಂದು ಬರೆದುಕೊಂಡೆ.
"ತ್ಯಾವ ಅಲ್ಲ ಅದು," ಗುತ್ಯಪ್ಪ ಹತ್ತಿರ ಬಂದ.
"ಹೆಬ್ಬೆಟ್ಟು."

ಒತ್ತಿ ಹೊರಬಂದವರಿಗೆ
ಬೆರಳ ಮಸಿ ಎಲ್ಲಿ ಒರೆಸುವುದು ತಿಳಿಯುತ್ತಿರಲಿಲ್ಲವಂತೆ.
ಪಂಚೆ ಮಡಿ ಮಾಡಿದ್ದು, ಸೀರೆ ಎರವಲು ತಂದದ್ದು.
ಗೋಡೆ ಏನೂ ಅನ್ನುತ್ತಿರಲಿಲ್ಲ.
ಮಾರಿದವನೂ ಅಲ್ಲೇ, ಕೊಂಡವನೂ ಅಲ್ಲೇ,
ಅಣ್ಣನ ಪಾಲು ಬಿಟ್ಟುಕೊಟ್ಟ ತಂಗಿಯೂ ಅಲ್ಲೇ.
ವರ್ಷ ವರ್ಷ ಸುಣ್ಣ ಹೊಡೆಸಿದರೂ
ಅದೊಂದು ಜಾಗ ಮಳೆಗಾಲ ಕಳೆಯುವುದರೊಳಗೆ
ಮತ್ತೆ ಮೇಲೆದ್ದು ಬರುತ್ತಿತ್ತು.

"ಹೊಳೆಗೆ ಕಟ್ಟೆ ಹಾಕಿದಾಗ
ನಾನು ಅಪ್ಪನ ದೌತಿ ಹಿಡಿಯುವ ಹುಡುಗ.
ಮುಳುಗಡೆಯವರು ಬರೋರು, ಪರಿಹಾರದ ದುಡ್ಡು ಸೊಂಟಕ್ಕೆ ಕಟ್ಟಿ,
ಎಲ್ಲೋ ಗುಡ್ಡದ ಮೇಲೆ ಎರಡೆಕರೆ ಕೊಳ್ಳೋಕೆ.
ಒಬ್ಬಳು, ಹೆಸರು ಹುಚ್ಚಮ್ಮ,
ಕೊಳ್ಳೋ ಜಾಗದ ಚಕ್ಕುಬಂದಿ ಹೇಳು ಅಂದ್ರೆ
ಮುಳುಗಿದ್ದರದ್ದೇ ಹೇಳೋಳು:
ಮೂಡ್ಲಿಗೆ ಚೌಡಿಬನ, ಪಡುವ್ಲಿಗೆ ಹಳ್ಳ,
ತೆಂಕ್ಲಿಗೆ ನಮ್ಮ ಭಾವನ ಕಣ, ಬಡಗ್ಲಿಗೆ ದನದ ಹಾದಿ.
ಅಪ್ಪ ಮೂರು ಸಲ ಕೇಳಿದ.
ನಾಲ್ಕನೇ ಸಲ ಲೇಖಣಿ ಇಳಿಸಿ, ನೀರು ಕುಡಿದ."

ಅವಳದು ಯಾವುದು, ತೋರಿಸು ಎಂದೆ.
"ಒಂದರ ಮೇಲೊಂದು ಬಿದ್ದಿದೆಯಲ್ಲ ತಾಯಿ,
ಯಾರದು ಅಂತ ಹೇಳೋದು."

ಅಂಗಳದಲ್ಲಿ ಹೊಸ ಕಚೇರಿಯ ನಕ್ಷೆ, ಫ್ಲೆಕ್ಸಿನಲ್ಲಿ.
ಗಾಜಿನ ಗೋಡೆ, ಏಳು ಕಾರು ನಿಲ್ಲಿಸುವ ಜಾಗ.
ಕೆಟ್ಟದ್ದೇನಲ್ಲ.
ಇಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲ,
ಕಡತದ ಕೋಣೆಯಲ್ಲಿ ಗೆದ್ದಲು,
ಮೂರು ಕೊಡೆ ಹಿಡಿದು ದಾಖಲೆ ಕಾದದ್ದೂ ಉಂಟು.
ಹಳತೆಲ್ಲ ಹೊನ್ನು ಎನ್ನುವವಳಲ್ಲ ನಾನು.

ಗುತ್ಯಪ್ಪ ಮೆಟ್ಟಿಲ ಮೇಲೆ ಕೂತು,
ಕೇಳಲಿ ಬಿಡಲಿ, ಬಾಯಿಪಾಠ ಒಪ್ಪಿಸಿದ:
ನಿಧಿ, ನಿಕ್ಷೇಪ, ಜಲ, ಪಾಷಾಣ,
ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ.
ಎಷ್ಟು ಸಾವಿರ ಪತ್ರದ ಕೊನೆಗೆ ಬರೆದಿದ್ದನೋ.
ಇವು ಎಂಟೂ ಸೇರಿಯೇ ಒಂದು ಆಸ್ತಿ.
ನನ್ನ ನಮೂನೆಯಲ್ಲಿ
ಪಾಷಾಣಕ್ಕೆ ಮಾತ್ರ ದರ ಇದೆ.

ಅಳೆದೆವು: ಕಪ್ಪು ಜಾಗ, ಮೂರಡಿ ಅಗಲ, ಎರಡಡಿ ಎತ್ತರ.
'ತೇವ' ಹೊಡೆದುಹಾಕಿ 'ಹೆಬ್ಬೆಟ್ಟು' ಎಂದು ಬರೆದೆ.
ಕಾಲಂ ಹನ್ನೊಂದು, ದರ. ಅಲ್ಲಿ ಏನೂ ಬರೆಯಲಿಲ್ಲ.

ಕಡತ ವಾಪಸು ಬಂದಿದೆ.
'ಖಾಲಿ ಬಿಟ್ಟದ್ದಕ್ಕೆ ವಿವರಣೆ ಕೊಡಿ.'
ಮೂರು ದಿನದಿಂದ ಮೇಜಿನ ಮೇಲಿದೆ.
ಮೂಡಲಿಗೆ, ಎಂದು ಶುರುಮಾಡುತ್ತೇನೆ,
ಹೊಡೆದುಹಾಕುತ್ತೇನೆ.

ಗುತ್ಯಪ್ಪನಿಗೆ ಫೋನು ಮಾಡಿದೆ.
ಬರೆದುಕೊಡ್ತೀನಂತೆ,
ಛಾಪಾ ಕಾಗದ ನಾನೇ ತರಬೇಕಂತೆ.