ಕಾರಣಕ್ಕೆ ಬಿಟ್ಟ ಜಾಗ

"ಯಾರಾದರೂ ತೀರಿಕೊಂಡರಾ?" ಕೇಳಿದರು
ಮಿಸೆಸ್ ಡುಫ್ರೇನ್, ಪೆನ್ನಿನ ಮುಚ್ಚಳ ತೆಗೆಯುತ್ತ.
ಇಲ್ಲ.
"ಕಾಯಿಲೆ? ಮನೆಯಲ್ಲಿ ಜಗಳ? ಅಪ್ಪನ ಕೆಲಸ ಹೋಯಿತಾ?"
ಇಲ್ಲ, ಇಲ್ಲ. ಅಪ್ಪ ಹಿಮ ಬಾಚುವ ಲಾರಿ ಓಡಿಸುತ್ತಾರೆ,
ಹ್ಯಾನ್‌ಕಾಕಿನಲ್ಲಿ ಆ ಕೆಲಸಕ್ಕೆ ಬರ ಬಂದದ್ದಿಲ್ಲ.
ಮುಚ್ಚಳ ಮತ್ತೆ ಹಾಕಿದರು.
ಪಾಪ, ನನಗಿಂತ ಅವರಿಗೇ ನಿರಾಸೆ.

ಕಾಲೇಜಿನ ಅರ್ಜಿಯ ಕೊನೆಗೊಂದು ಚೌಕವಿದೆ:
ನಿಮ್ಮ ಅಂಕಗಳ ಬಗ್ಗೆ ಹೇಳುವುದೇನಾದರೂ ಉಂಟೆ?
ವೆಂಡೆಲ್‌ಗೆ ಆ ಜಾಗ ಸಾಲದು.
ಮುರಿದ ಕಾಲು, ಎರಡು ಆಪರೇಷನ್, ಊರುಗೋಲು.
ಅವನ ಕಾಲು ಕಂಡು ಹೊಟ್ಟೆಕಿಚ್ಚಾಯಿತು.
ನಾಚಿಕೆಯೂ ಆಯಿತು,
ಆದರೆ ಆಮೇಲೆ.

ಏನಾಗಿತ್ತು ಅಂದರೆ, ಏನೂ ಆಗಿರಲಿಲ್ಲ.
ಹನ್ನೊಂದನೇ ತರಗತಿಯ ಜನವರಿ.
ರಸಾಯನಶಾಸ್ತ್ರದ ಏಳನೇ ಅಧ್ಯಾಯ ತೆರೆದರೆ
ಅಕ್ಷರಗಳು ಅಲ್ಲೇ ಇದ್ದವು, ನಾನಿರಲಿಲ್ಲ.
ಕಾಲುವೆಯ ಮೇಲಿನ ಸೇತುವೆಯ ದೀಪ ಎಣಿಸುತ್ತ ಕೂರುತ್ತಿದ್ದೆ.
ಪ್ರತಿ ಸಂಜೆಯೂ ಅಷ್ಟೇ ಇರುತ್ತಿದ್ದವು.
ಎ ಇದ್ದದ್ದು ಬಿ ಆಯಿತು, ಬಿ ಹೋಗಿ ಸಿ,
ಮಾರ್ಚಿಗೆ ಡಿ.
ಮೆಟ್ಟಿಲು ಇಳಿದಷ್ಟು ಸಲೀಸು. ಯಾರೂ ದಬ್ಬಲಿಲ್ಲ.

ಅಪ್ಪ ಅಂಕಪಟ್ಟಿಯನ್ನು ಕೈ ಚಾಚಿ ದೂರ ಹಿಡಿದು ಓದಿದರು,
ಕನ್ನಡಕ ಲಾರಿಯಲ್ಲಿತ್ತು.
ಬೈಯಲಿ ಅಂದುಕೊಂಡೆ.
ಬೈದಿದ್ದರೆ ಅದನ್ನಾದರೂ ಚೌಕದಲ್ಲಿ ತುಂಬಬಹುದಿತ್ತು.
"ಊಟ ಆಯ್ತಾ ಐಲಿ?" ಅಂದರು.
ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿ
ಲಾರಿಗೆ ಹತ್ತಿಸಿಕೊಂಡರು. ಹಾಗೆ ಹತ್ತಿಸುವಂತಿಲ್ಲ.
ರಸ್ತೆ ಎಲ್ಲಿದೆಯೋ ನನಗೆ ಕಾಣಲಿಲ್ಲ.
ಅವರಿಗೂ ಕಾಣುವುದಿಲ್ಲವಂತೆ.
"ಹಿಮ ಬೀಳೋ ಮೊದಲೇ ಅಂಚಿಗೆ ಕೋಲು ನೆಟ್ಟಿರ್ತೀವಿ."
ಕಿತ್ತಳೆ ಬಣ್ಣದ ತುದಿಗಳು
ಒಂದೊಂದೇ ಬೆಳಕಿಗೆ ಬಂದು ಹೋದವು.

ಮಿಸೆಸ್ ಡುಫ್ರೇನ್‌ಗೆ ಈ ಕತೆ ಬಹಳ ಹಿಡಿಸಿತು.
ಅಲ್ಲಿಂದ ಪಾಠ ಕಲಿತೆ ಅಂತ ಬರಿ, ಅಂದರು.
ಆದರೆ ಮೂರನೆಯ ಕೋಲಿಗೇ ನಾನು ನಿದ್ದೆ ಹೋಗಿದ್ದೆ,
ತಣ್ಣನೆ ಗಾಜಿಗೆ ತಲೆ ಆನಿಸಿ,
ಬಾಯಿ ತೆರೆದು.
ಎಷ್ಟೋ ವಾರಗಳ ಮೇಲೆ ಬಂದ ನಿದ್ದೆ.

ಚೌಕದಲ್ಲಿ ಕೊನೆಗೆ ಬರೆದದ್ದು:
ಆ ಚಳಿಗಾಲ ನಾನು ಓದಲಿಲ್ಲ. ಕಾರಣ ಗೊತ್ತಿಲ್ಲ.
ಏಪ್ರಿಲಿನಲ್ಲಿ ಏಳನೇ ಅಧ್ಯಾಯಕ್ಕೆ ಮರಳಿದೆ.
ಎಂಟು ಅದಕ್ಕಿಂತ ಕಷ್ಟವಿತ್ತು.

"ಇಷ್ಟೇನಾ?" ಅಂದರು,
ಉಳಿದ ಬಿಳಿ ಜಾಗದ ಮೇಲೆ ಬೆರಳಿಟ್ಟು.
ಇಷ್ಟೇ.