ಞಕ್ಕೆ ಚಿತ್ರವಿಲ್ಲ

ಅಪುರಿಮಾಕ್ ಕಣಿವೆಗೆ ಇಳಿವ ದಾರಿಯ
ನಲವತ್ತನೆಯ ತಿರುವಿಗೆ ಅಕ್ಕ ಲೆಕ್ಕ ಬಿಟ್ಟಳು.
ಮುಂದೆ ವಿಲ್ಬೆರ್, ಹತ್ತೊಂಬತ್ತರ ಹುಡುಗ,
ಅವನ ಹಿಂದೆ ಕನೇಲಾ ಎಂಬ ಹೇಸರಗತ್ತೆ,
ಅದರ ಬೆನ್ನಿಗೆ ನಮ್ಮ ಗಂಟು,
ಗಂಟಿನೊಳಗೆ ಅಕ್ಕ ನನಗೆ ತಿಳಿಯದಂತೆ ತುರುಕಿದ ಚಟ್ನಿಪುಡಿ,
ಕೊನೆಗೆ ಅರವತ್ತೆರಡರ ಅವಳು, ಐವತ್ತೇಳರ ನಾನು,
ಕೋಲೂರಿ, ಮಾತಿಲ್ಲದೆ.

ಮಾತು ನಿಂತದ್ದು ಲಿಮಾದಲ್ಲಿ, ವಿಮಾನ ತಪ್ಪಿದಾಗ.
"ನಾನು ಹೇಳಿದ್ದೆ" ಅಂದಳು.
ಹೇಳಿದ್ದಳು, ನಿಜ.
ನಾನು ಹುಟ್ಟಿದಾರಭ್ಯ ಎಲ್ಲ ಅವಳು ಮೊದಲೇ ಹೇಳಿದ್ದೇ:
ಹಾಲು ಉಕ್ಕುತ್ತೆ. ಕೊಡೆ ತಗೊ. ಆ ಹುಡುಗ ಸರಿಯಿಲ್ಲ.

ಪಾಸ್‌ಪೋರ್ಟಿನ ವಾರಿಜಳನ್ನು ವಿಲ್ಬೆರ್ ಬಾರಿಹಾ ಎಂದು ಓದಿದ.
ತಿದ್ದುತ್ತಾಳೆಂದು ಕಾದೆ. ತಿದ್ದಲಿಲ್ಲ.
ನದಿಯ ದಡದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ನೊಣ,
"ಪೂಮಾ ವಕಾಚಿ, ಪೂಮಾವನ್ನೂ ಅಳಿಸುತ್ತೆ" ಎಂದ.
ಬಾರಿಹಾ ಅಳಲಿಲ್ಲ. ಕೂತು, ಪೂರಿ ಊದಿದ ಹಾಗೆ ಊದಿದ
ತನ್ನ ಕಾಲಿಗೆ ಎಣ್ಣೆ ಸವರಿಕೊಂಡು
ನನ್ನದಕ್ಕೂ ಸವರಿದಳು, ಕೇಳದೆ.

ಎರಡನೆಯ ಸಂಜೆ ಮರಂಪಾಟಾದಲ್ಲಿ
ವಿಲ್ಬೆರನ ತಾಯಿ ಎವುಲಾಲಿಯಾಳ ಒಲೆ.
ಒಲೆಯ ಬುಡದಲ್ಲಿ ಕುಯಿಗುಡುವ ಗಿನಿಹಂದಿ,
ಆಲೂಗಡ್ಡೆ ಸುಲಿಯುತ್ತ ದೊಮಿತಿಲಾ.
ಇಬ್ಬರಲ್ಲಿ ದೊಡ್ಡವಳು ಯಾರೆಂದು ಕೇಳಿದೆ,
ಮೂವತ್ತು ದಿನ ಕಲಿತ ಸ್ಪ್ಯಾನಿಷಿನಲ್ಲಿ.
ನಕ್ಕರು. ಅವಳು ಇವಳನ್ನು ತೋರಿ, ಇವಳು ಅವಳನ್ನು ತೋರಿ
"ಞಾಞಾಯ್" ಅಂದರು.
ಹೆಣ್ಣು ತನ್ನ ಒಡಹುಟ್ಟಿದ ಹೆಣ್ಣಿಗೆ ಅನ್ನುವ ಮಾತಂತೆ;
ಗಂಡಾದರೆ ಬೇರೆ ಮಾತು.
ಮೊದಲು ಬಂದವಳು, ಆಮೇಲೆ ಬಂದವಳು
ಆ ಮಾತಿನೊಳಗೆ ಇಲ್ಲ.
ನಮಗೋ ಬಾಯಿ ತೆರೆದೊಡನೆ ಸಾಲು ನಿಲ್ಲಬೇಕು,
ಅಕ್ಕ ಮುಂದೆ, ತಂಗಿ ಹಿಂದೆ.

ಞ.
ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ಅಕ್ಕ ತಿದ್ದಿಸಿದ್ದು.
ಚ ಚಮಚ, ಛ ಛತ್ರಿ, ಜ ಜಡೆ, ಝ ಝರಿ;
ಗೋಡೆಯ ಪಟದಲ್ಲಿ ಞಕ್ಕೆ ಚಿತ್ರವಿಲ್ಲ, ಖಾಲಿ ಚೌಕ.
ಇದರಲ್ಲಿ ಏನು ಶುರುವಾಗುತ್ತೆ?
"ಏನೂ ಇಲ್ಲ. ಸುಮ್ಮನೆ ತಿದ್ದು"
ಅಂದಿದ್ದರು ಒಂಬತ್ತು ವರ್ಷದ ಮೇಷ್ಟ್ರು.

ಗುಡಾರದ ಕತ್ತಲಲ್ಲಿ ಅಂದೆ:
ಅಕ್ಕಾ, ಞಕ್ಕೆ ಪದ ಸಿಕ್ಕಿತು.
"ಮಲಗು. ನಾಳೆ ಹತ್ತಬೇಕು."
ಸ್ವಲ್ಪ ಹೊತ್ತಿಗೆ, ಆ ಮಗ್ಗುಲಾಗಿಯೇ, ಅದನ್ನು
ಮೆಲ್ಲಗೆ ಒಮ್ಮೆ ಹೇಳಿ ನೋಡಿದಳು.
ನನಗೆ ಕೇಳಿಸಲಿಲ್ಲವೆಂದುಕೊಂಡಿದ್ದಾಳೆ.

ಚೋಕೆಕಿರಾವ್. ಚಿನ್ನದ ತೊಟ್ಟಿಲಂತೆ.
ಚಿನ್ನವಿರಲಿಲ್ಲ. ಕಲ್ಲು, ಮೊಣಕಾಲುದ್ದ ಹುಲ್ಲು,
ಕದವಿಲ್ಲದ ಬಾಗಿಲಿಂದ ಕದವಿಲ್ಲದ ಬಾಗಿಲಿಗೆ
ಬಂದು ಹೋಗುವ ಮಂಜು.
ಗೋಡೆಯ ಗೂಡೊಂದರೊಳಗೆ ಕೈಯಿಟ್ಟು ಅಕ್ಕ
"ಇಲ್ಲಿ ದೀಪ ಇಡ್ತಿದ್ರು" ಅಂದಳು.
"ಯಾರಿಗೆ ಗೊತ್ತು, ಸೆನ್ಯೋರಾ" ಅಂದ ವಿಲ್ಬೆರ್.
"ನನಗೆ ಗೊತ್ತು."

ಲಾಮಾಗಳಿರುವುದು ಆಚೆಯ ಇಳಿಜಾರಿನಲ್ಲಿ.
ಮೆಟ್ಟಿಲು ನೋಡಿದಳು, ಮಂಡಿ ನೋಡಿಕೊಂಡಳು.
"ನೀನು ಹೋಗಿ ಬಾ. ಎಷ್ಟಿವೆ ಎಣಿಸು."
ಅವಳು ಹೋಗಿರದ ಕಡೆಗೆ ನಾನು ಹೋದದ್ದು
ಬದುಕಿನಲ್ಲಿ ಎಷ್ಟು ಸಲ? ಬಲಗೈ ಗೋಡೆಗೆ ಒತ್ತಿ
ಒಂದೊಂದೇ ಮೆಟ್ಟಿಲು ಇಳಿದೆ.

ಇಳಿಯುವಾಗ ಏನೂ ಕಾಣುವುದಿಲ್ಲ.
ಗೋಡೆಗಳೆಲ್ಲ ಬೆನ್ನ ಹಿಂದೆ.
ಕೆಳಗೆ ನಿಂತು ತಿರುಗಿದರೆ
ಕಪ್ಪು ಕಲ್ಲುಗಳ ನಡುವೆ ಬಿಳಿಕಲ್ಲು ಕೂಡಿಸಿದ ಮಂದೆ,
ಅಟ್ಟಣೆಯಿಂದ ಅಟ್ಟಣೆಗೆ ಕತ್ತು ನೀಡಿ ನಡೆದಿದೆ,
ಯಾರೋ ಈಗಷ್ಟೇ ಹುಯ್ ಎಂದು ಅಟ್ಟಿದ ಹಾಗೆ.
ಎಲ್ಲಕ್ಕೂ ಮೇಲೆ, ಆಕಾಶದ ಅಂಚಿಗೆ,
ಹೆಬ್ಬೆರಳಷ್ಟು ಅಕ್ಕ, ಕೆಂಪು ಟೊಪ್ಪಿ.

"ಎಷ್ಟು?" ಗಾಳಿ ಅರ್ಧ ತಿಂದು ಉಳಿಸಿದ ಕೂಗು.
ಇಪ್ಪತ್ತೆರಡು!
"ಸರಿಯಾಗಿ ಎಣಿಸು, ಚಿಕ್ಕದನ್ನ ಬಿಟ್ಟಿರ್ತೀಯ."

ಅಲ್ಲಿಂದ ಅವಳಿಗೆ ಒಂದೂ ಕಾಣದು.
ಮತ್ತೆ ಎಣಿಸಿದೆ.
ದೊಡ್ಡದೊಂದರ ಪಕ್ಕೆಗೆ ಒತ್ತಿಕೊಂಡು, ಹುಲ್ಲಿನ ಮರೆಗೆ.
ಬಿಟ್ಟಿದ್ದೆ.